ಕಾಗದ ಹೊರಗ ಬಂತೇನ್ರಿ

ಕಳೆದ ವರ್ಷ ಮೇ ತಿಂಗಳ ಕೊನೆಯ ಶುಕ್ರವಾರ, ಪುಣೆಯ ಹಿಂಜವಾಡಿಯಲ್ಲಿರುವ ನಮ್ಮ ಸಾಫ್ಟ್‌ವೇರ್ ಕಂಪನಿಯಿಂದ ಹಿರಿಯ ಪರೀಕ್ಷಕಿಯೊಬ್ಬರು ನಿವೃತ್ತರಾದರು. ಬೀಳ್ಕೊಡುಗೆ ಸಮಾರಂಭ ಮಧ್ಯಾಹ್ನ ನಡೆಯಿತು. ಅವರು ಅದಕ್ಕೆ ಬರಲಿಲ್ಲ. ಅವರ ಹೆಸರು ಬರೆದಿದ್ದ ಕೇಕನ್ನು ಮ್ಯಾನೇಜರೇ ಕತ್ತರಿಸಿದರು. ಚೆನ್ನಾಗಿತ್ತು ಎಂದು ತಿಂದವರು ಹೇಳಿದರು. ಆ ಹೊತ್ತಿಗೆ ಅವರು ಜೇಜುರಿಯ ಬೆಟ್ಟದ ಬುಡದಲ್ಲಿ, ಒಂದು ಫೋಟೋ ಸ್ಟುಡಿಯೋದ ಹಿಂದಿನ ಅಡುಗೆಮನೆಯಲ್ಲಿ, ಪ್ರಿಂಟರಿನ ಬಾಯಿ ನೋಡುತ್ತ ಕುಳಿತಿದ್ದರು. ನಾನೂ ಅಲ್ಲಿದ್ದೆ. ಕೇಕಿನ ವಿಷಯ ಕೇಳಿ ತಿಳಿದದ್ದು, ಉಳಿದದ್ದು ಕಂಡದ್ದು.

ಕಚೇರಿಯಲ್ಲಿ ಎಲ್ಲರೂ ಅವರನ್ನು ಅಕ್ಕಾರು ಎಂದು ಕರೆಯುತ್ತಿದ್ದರು. ವಿಜಯಪುರದ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವುದು ಹಾಗೆ. ಅವರು ಎಂದೂ ಶಿಕ್ಷಕಿಯಾಗಿರಲಿಲ್ಲ. ಆದರೆ ಪ್ರೋಗ್ರಾಮರೊಬ್ಬರ ಬೆನ್ನ ಹಿಂದೆ ಬಂದು ನಿಂತು, ಏನೂ ಮಾತಾಡದೆ, ಅವರ ಪರದೆಯನ್ನು ನೋಡುವ ಒಂದು ರೀತಿ ಅವರಿಗಿತ್ತು. ಅದನ್ನು ಕಂಡ ಕನ್ನಡಿಗರು ಯಾರೋ ಮೊದಲು ಹಾಗೆ ಕರೆದಿರಬೇಕು. ಆಮೇಲೆ ಮರಾಠಿಗರೂ ಪಂಜಾಬಿಗಳೂ ಕರೆದರು. ಹೊಸದಾಗಿ ಸೇರಿದವರೊಬ್ಬರು ಅದು ಮನೆತನದ ಹೆಸರೆಂದು ತಿಳಿದು, ಇಮೇಲಿನಲ್ಲಿ ಬಹಳ ದಿನ ‘ಮಿಸೆಸ್ ಅಕ್ಕಾರು’ ಎಂದೇ ಬರೆಯುತ್ತಿದ್ದರು. ಅವರು ತಿದ್ದಲಿಲ್ಲ. ತಿದ್ದಿಸಲು ಸಾಫ್ಟ್‌ವೇರಿನ ತಪ್ಪುಗಳೇ ಸಾಕಷ್ಟಿವೆ ಎಂಬುದು ಅವರ ನಿಲುವು.

ನಮ್ಮ ಕಂಪನಿ ತಯಾರಿಸುವುದು ಮದುವೆ ಆಲ್ಬಂಗಳನ್ನು ವಿನ್ಯಾಸ ಮಾಡುವ ಡೆಸ್ಕ್‌ಟಾಪ್ ಸಾಫ್ಟ್‌ವೇರ್. ಸ್ಟುಡಿಯೋದವರು ಇದರಲ್ಲಿ ಮದುವೆಯ ಚಿತ್ರಗಳನ್ನು ಪುಟಪುಟವಾಗಿ ಜೋಡಿಸುತ್ತಾರೆ, ವರನ ಹಿಂದೆ ಅಲ್ಲಿ ಇಲ್ಲದ ಜಲಪಾತವನ್ನು ಸೇರಿಸುತ್ತಾರೆ, ಆಮೇಲೆ ಮುದ್ರಿಸುತ್ತಾರೆ. ಮಹಾರಾಷ್ಟ್ರದಲ್ಲಿ, ಉತ್ತರ ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ನಾನು ಮೊದಲು ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದುತ್ತಿದ್ದವನು. ಇಲ್ಲಿ ಪ್ರತಿ ಹೊಸ ಆವೃತ್ತಿಯ ಜೊತೆ ಹೋಗುವ ಟಿಪ್ಪಣಿ ಬರೆಯುತ್ತೇನೆ: ಏನೇನು ಸರಿಹೋಗಿದೆ, ಏನೇನು ಇನ್ನೂ ಸರಿಹೋಗಿಲ್ಲ. ಮೊದಲ ಭಾಗವನ್ನು ಹೇಳಲು ಕಚೇರಿಯಲ್ಲಿ ಬಹಳ ಜನರಿದ್ದರು. ಎರಡನೆಯ ಭಾಗಕ್ಕೆ ಅಕ್ಕಾರು ಒಬ್ಬರೇ.

ಅವರ ಪರೀಕ್ಷೆಗಳು ಪುಸ್ತಕದಲ್ಲಿ ಇರುವಂಥವಲ್ಲ. ಒಂದಕ್ಕೆ ‘ಚಹಾ ಪರೀಕ್ಷೆ’ ಎಂದು ಹೆಸರು. ದೊಡ್ಡದೊಂದು ಆಲ್ಬಂ ತೆರೆದು, ‘ಉಳಿಸು’ ಗುಂಡಿ ಒತ್ತಿ, ಯಂತ್ರ ಕೇಳುವ ಪ್ರಶ್ನೆಗೆ ಉತ್ತರ ಕೊಡದೆ ಎದ್ದು ಹೋಗಿ ಚಹಾ ಕುಡಿದು ಬರುವುದು. ಬಂದಾಗ ಆಲ್ಬಂ ಇದ್ದರೆ ಪಾಸು. ಸ್ಟುಡಿಯೋದವರು ಹಾಗೇ ಮಾಡುತ್ತಾರೆ ಎಂಬುದು ಅವರ ವಾದ. ಗಿರಾಕಿ ಬಂದ ಕೂಡಲೇ ಕುರ್ಚಿ ಬಿಟ್ಟೇಳುವ ಮನುಷ್ಯನಿಗೆ ಪರದೆಯ ಮೇಲಿನ ಪ್ರಶ್ನೆ ನೆನಪಿರುವುದಿಲ್ಲ. ಇನ್ನೊಂದು ಮೊಣಕೈ ಪರೀಕ್ಷೆ. ಫೋನಿನಲ್ಲಿ ಮಾತಾಡುತ್ತ ಮೊಣಕೈಯನ್ನು ಕೀಬೋರ್ಡಿನ ಮೇಲೆ ಊರುವುದು. ಒಮ್ಮೆ ಹಾಗೆ ಊರಿದಾಗ ಇಡೀ ಆಲ್ಬಂ ಅಳಿಸಿಹೋಯಿತು. ಪ್ರೋಗ್ರಾಮರು ಮೊಣಕೈ ಕೆಳಗೆ ಸಿಕ್ಕ ಎರಡು ಗುಂಡಿಗಳನ್ನು ಯಾರೂ ಒಟ್ಟಿಗೆ ಒತ್ತಬಾರದು ಎಂದು ವಾದಿಸಿದರು.

“ಯಾರೂ ಒತ್ತಬಾರದಂದ್ರ ಅದನ್ನ ಯಾಕ ಇಟ್ಟೀರಿ?” ಎಂದರು ಅಕ್ಕಾರು.

ಪ್ರೋಗ್ರಾಮರುಗಳಿಗೆಲ್ಲ, ಅವರು ಮಗನ ವಯಸ್ಸಿನವರಾದರೂ, ‘ರೀ’ ಹಚ್ಚಿ ಮಾತಾಡುತ್ತಿದ್ದರು. ಯಂತ್ರಕ್ಕೆ ಮಾತ್ರ ಏಕವಚನ. ಪರದೆ ಸ್ತಬ್ಧವಾದರೆ, ‘ಯಾಕೋ, ಏನಾತೋ’ ಎಂದು ಕೇಳಿ, ಉತ್ತರಕ್ಕೆ ಸ್ವಲ್ಪ ಕಾದು, ಆಮೇಲೆ ಮುಚ್ಚುತ್ತಿದ್ದರು.

ಕಂಪನಿಯ ಗ್ರಾಹಕ ಸಹಾಯವಾಣಿಯಲ್ಲಿ ಮರಾಠಿ ಇತ್ತು, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಹಾಗಾಗಿ ಕಲಬುರಗಿ, ಬಾಗಲಕೋಟೆ, ಸೊಲ್ಲಾಪುರಗಳಿಂದ ಬಂದ ಕನ್ನಡದ ಕರೆಗಳನ್ನು ಯಾವ ಆದೇಶವೂ ಇಲ್ಲದೆ ಅವರ ಮೇಜಿಗೆ ತಿರುಗಿಸುತ್ತಿದ್ದರು. ಹಾಗೆ ಪರಿಚಯವಾದವರು ಜೇಜುರಿಯ ಮಾಳಪ್ಪ. ಬೆಟ್ಟದ ಮೆಟ್ಟಿಲು ಶುರುವಾಗುವಲ್ಲಿ ಅವರ ಸ್ಟುಡಿಯೋ. ಅಜ್ಜನ ಕಾಲದಲ್ಲಿ ಬಾಗಲಕೋಟೆಯ ಕಡೆಯಿಂದ ಬಂದ ಮನೆತನ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ.

ಜೇಜುರಿಗೆ ಹೊಸದಾಗಿ ಮದುವೆಯಾದವರು ಖಂಡೋಬ ದೇವರ ದರ್ಶನಕ್ಕೆ ಬರುತ್ತಾರೆ. ಗಂಡ ಹೆಂಡತಿಯನ್ನು ಎತ್ತಿಕೊಂಡು ಕೆಲವು ಮೆಟ್ಟಿಲಾದರೂ ಹತ್ತಬೇಕು ಎಂಬುದು ರೂಢಿ. ಬಂದವರೆಲ್ಲ ಭಂಡಾರ ಎರಚುತ್ತಾರೆ, ಅಂದರೆ ಅರಿಶಿನದ ಪುಡಿ. ಮಾಳಪ್ಪ ಕೆಳಗೆ ನಿಂತು, ಎತ್ತಿಕೊಂಡ ಕ್ಷಣದ ಫೋಟೋ ತೆಗೆಯುತ್ತಾರೆ. ದಂಪತಿ ದರ್ಶನ ಮುಗಿಸಿ ಇಳಿದು ಬರುವ ಹೊತ್ತಿಗೆ ಹೂವಿನ ಅಂಚು ಹಾಕಿದ ದೊಡ್ಡ ಪ್ರಿಂಟು ಕೈಗೆ ಸಿಗಬೇಕು. ಇಳಿದವರು ಬಸ್ಸಿಗೆ ಹೊರಟರೆ ಆ ಫೋಟೋ ಬೇರೆ ಯಾರಿಗೂ ಬೇಡ. ಇಡೀ ವರ್ಷದ ಸಂಸಾರ ಅವರಿಗೆ ಲಗ್ನದ ಹಂಗಾಮಿನ ಮೇಲೆ ನಿಂತಿತ್ತು.

ಅವರ ತೊಂದರೆ ಅರಿಶಿನ. ಗಾಳಿಯಲ್ಲಿ ಹಾರಾಡುವ ಪುಡಿಯನ್ನು ಕಂಪ್ಯೂಟರಿನ ಫ್ಯಾನ್ ಒಳಗೆ ಎಳೆದುಕೊಳ್ಳುತ್ತಿತ್ತು. ಹಂಗಾಮು ಏರುತ್ತಿದ್ದಂತೆ ಯಂತ್ರ ಬಿಸಿಯಾಗಿ, ಕೂಗಿ, ನಿಲ್ಲುತ್ತಿತ್ತು. ಹತ್ತಿರದ ಸಾಸವಡದ ರಿಪೇರಿಯವರು ಅದನ್ನು ಬಿಚ್ಚುವ ಮುನ್ನ ಕೈಮುಗಿಯುತ್ತಿದ್ದರಂತೆ. ಒಳಗಿನಿಂದ ಬರುವುದು ದೇವರ ಪ್ರಸಾದ, ಕಸದ ಬುಟ್ಟಿಗೆ ಹಾಕುವಂತಿಲ್ಲ. ಇದು ಮಾಳಪ್ಪ ಹೇಳಿದ್ದು. ಯಾವ ಸಂಗತಿಯನ್ನೂ ಸ್ವಲ್ಪ ಹಿಗ್ಗಿಸದೆ ಹೇಳಿ ಅವರಿಗೆ ಅಭ್ಯಾಸವಿಲ್ಲ. ಪ್ರಿಂಟರನ್ನು ಮಾತ್ರ ಅವರು ಮೊದಲೇ ಹಿಂದಿನ ಅಡುಗೆಮನೆಗೆ ಸಾಗಿಸಿ ಉಳಿಸಿಕೊಂಡಿದ್ದರು.

ಹೀಗಿರುವಾಗ ನಮ್ಮಲ್ಲಿ ಆರ್ಮ್ ಲ್ಯಾಪ್‌ಟಾಪುಗಳ ಕೆಲಸ ಶುರುವಾಯಿತು.

ಪ್ರತಿ ಪ್ರೊಸೆಸರಿಗೂ ಅದರದೇ ಆಜ್ಞೆಗಳಿರುತ್ತವೆ. ನಮ್ಮ ಸಾಫ್ಟ್‌ವೇರ್ ಹುಟ್ಟಿದ್ದು ಹಳೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಆಜ್ಞೆಗಳಲ್ಲಿ. ಮೊಬೈಲಿನಲ್ಲಿ ಮೊದಲಿನಿಂದ ಇದ್ದ ಆರ್ಮ್ ಮಾದರಿಯ ಪ್ರೊಸೆಸರು ಈಗ ಲ್ಯಾಪ್‌ಟಾಪಿಗೂ ಬಂದಿದೆ. ಬಿಸಿ ಕಡಿಮೆ, ಬ್ಯಾಟರಿ ಹೆಚ್ಚು ಹೊತ್ತು ಬಾಳುತ್ತದೆ. ಹಳೆಯ ಸಾಫ್ಟ್‌ವೇರನ್ನು ಅದರ ಮೇಲೆ ಓಡಿಸಿದರೆ ಆಪರೇಟಿಂಗ್ ಸಿಸ್ಟಂ ನಡುವೆ ನಿಂತು ಒಂದರ ಆಜ್ಞೆಯನ್ನು ಇನ್ನೊಂದರ ಆಜ್ಞೆಗೆ ಅನುವಾದಿಸುತ್ತದೆ. ಓಡುತ್ತದೆಯೇ, ಎಷ್ಟು ಚೆನ್ನಾಗಿ ಓಡುತ್ತದೆ ಎಂದು ಮ್ಯಾನೇಜರು ಸಭೆಯಲ್ಲಿ ಕೇಳಿದರು. ಅಕ್ಕಾರು ಮರಾಠಿಯಲ್ಲಿ ಕೊಟ್ಟ ಉತ್ತರವನ್ನು ಆಮೇಲೆ ನನಗೆ ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು.

“ನಾ ಮನಸಿನ್ಯಾಗ ಕನ್ನಡ ಇಟಕೊಂಡು ಮಂಡಈ ಬಜಾರದಾಗ ಮರಾಠಿಲೆ ಬದನಿಕಾಯಿ ತಗೋತೀನಲ್ರಿ, ಹಂಗ. ಬದನಿಕಾಯಿಗೆ ಏನೂ ತೊಂದ್ರಿ ಇಲ್ಲ. ಚೌಕಾಶಿ ಮಾಡೂ ಮುಂದ ಒಂದು ಚೂರು ತಡಾ ಆಗ್ತದ. ಜಗಳಕ್ಕ ಮಾತ್ರ ಸಾಲಂಗಿಲ್ಲ.”

ಮ್ಯಾನೇಜರು ಇದನ್ನು ತಮ್ಮ ವರದಿಯಲ್ಲಿ ‘ಕಾರ್ಯಕ್ಷಮತೆ ತೃಪ್ತಿಕರ’ ಎಂದು ಬರೆದುಕೊಂಡರು.

ಪರೀಕ್ಷೆಗೆಂದು ತರಿಸಿದ ಲ್ಯಾಪ್‌ಟಾಪನ್ನು ಅಕ್ಕಾರು ಮೊದಲ ದಿನ ತಲೆಕೆಳಗು ಮಾಡಿ, ಪಕ್ಕಕ್ಕೆ ತಿರುಗಿಸಿ, ಬೆರಳಾಡಿಸಿ ನೋಡಿದರು. ಅದಕ್ಕೆ ಫ್ಯಾನ್ ಇರಲಿಲ್ಲ. ಗಾಳಿ ಹೋಗುವ ಕಂಡಿಯೂ ಇರಲಿಲ್ಲ. ಉಳಿದವರು ಬ್ಯಾಟರಿಯ ಬಗ್ಗೆ ಮಾತಾಡುತ್ತಿದ್ದಾಗ ಅವರ ತಲೆಯಲ್ಲಿ ಜೇಜುರಿ ಇತ್ತು ಎಂಬುದು ನನಗೆ ಆಗ ತಿಳಿಯಲಿಲ್ಲ. ಮರುದಿನ ಮನೆಯಿಂದ ಒಂದು ಡಬ್ಬಿ ಅರಿಶಿನ ತಂದು, ಓಡುತ್ತಿದ್ದ ಲ್ಯಾಪ್‌ಟಾಪಿನ ಮೇಲೆ ಸುರಿದರು. ಆಮೇಲೆ ಚಹಾಕ್ಕೆ ಹೋದರು. ಯಾರೋ ಕಚೇರಿಯಲ್ಲಿ ಪೂಜೆ ಇದೆಯೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಬಂದರು. ಲ್ಯಾಪ್‌ಟಾಪಿಗೆ ಏನೂ ಆಗಲಿಲ್ಲ.

ಮುಂದಿನ ಎರಡು ತಿಂಗಳು ಅವರು ಅದರ ಮೇಲೆ ನಮ್ಮ ಸಾಫ್ಟ್‌ವೇರಿನ ಒಂದೊಂದೇ ಭಾಗವನ್ನು ಓಡಿಸಿದರು. ಜಲಪಾತ ಸೇರಿಸುವುದು, ಹೂವಿನ ಅಂಚು, ಬಣ್ಣ ತಿದ್ದುವುದು, ಕನ್ನಡ ಅಕ್ಷರ, ಮುದ್ರಣ. ಎಲ್ಲದಕ್ಕೂ ಪಾಸು. ಲಗ್ನದ ಹಂಗಾಮಿನ ನಡುವೆ ಮಾಳಪ್ಪನ ಹಳೆಯ ಯಂತ್ರ ಮತ್ತೆ ಬಿಸಿಯಾಗಿ ನಿಂತು ಅವರು ಕರೆ ಮಾಡಿದಾಗ ಅಕ್ಕಾರು ಯಾರನ್ನೂ ಕೇಳದೆ ಹೇಳಿದರು:

“ಫ್ಯಾನ್ ಇಲ್ಲದ್ದ ತಗೋರಿ. ನಮ್ಮದು ಅದರಾಗ ಓಡ್ತದ. ನಾ ನೋಡೀನಿ.”

ಮಾಳಪ್ಪ ಪುಣೆಗೆ ಬಂದು, ಹಳೆಯ ಯಂತ್ರವನ್ನು ಅಂಗಡಿಗೇ ಬಿಟ್ಟುಕೊಟ್ಟು, ಹೊಸದನ್ನು ಕೊಂಡುಹೋದರು. ಒಂದು ವಾರದೊಳಗೆ ಕರೆ ಬಂತು. ನಾನು ಟಿಪ್ಪಣಿಯ ವಿಷಯಕ್ಕೆ ಅಕ್ಕಾರ ಮೇಜಿನ ಬಳಿಯೇ ಕುಳಿತಿದ್ದೆ. ಮಾಳಪ್ಪನ ದನಿ ಫೋನಿನ ಹೊರಗೂ ಕೇಳುತ್ತಿತ್ತು.

“ಅಕ್ಕಾರ, ಎಲ್ಲಾ ಛಲೋ ಆತ್ರಿ. ಫೋಟೋ ಪರದಿ ಮ್ಯಾಲ ಭಾಳ ಚಂದ ಕಾಣ್ತದ. ಕಾಗದ ಹೊರಗ ಬರವಲ್ದು.”

ಅಕ್ಕಾರು ಏನೇನೋ ಒತ್ತಿಸಿ ನೋಡಿದರು. ಕೊನೆಗೆ ಫೋನು ಕೆಳಗಿಟ್ಟು, ಎದ್ದು, ಕಚೇರಿಯ ಮೂಲೆಗೆ ಹೋಗಿ ನಿಂತರು. ಅಲ್ಲಿ ಒಂದು ಕಾಲದಲ್ಲಿ ಪ್ರಿಂಟರ್ ಇತ್ತು. ಕೆಲವು ವರ್ಷಗಳ ಹಿಂದೆ ಪರಿಸರ ರಕ್ಷಣೆಗಾಗಿ ಕಂಪನಿ ಅದನ್ನು ತೆಗೆಸಿತ್ತು. ಅದರ ಜಾಗದಲ್ಲಿ ಮನಿ ಪ್ಲಾಂಟಿನ ಕುಂಡ, ಮೇಲೆ ‘ಕಾಗದ ಉಳಿಸಿ’ ಎಂಬ ದೊಡ್ಡ ಭಿತ್ತಿಪತ್ರ. ಭಿತ್ತಿಪತ್ರವನ್ನು ಹೊರಗಡೆ ಮುದ್ರಿಸಿ ತಂದಿದ್ದರು. ಅಂದಿನಿಂದ ನಮ್ಮ ಮುದ್ರಣ ಪರೀಕ್ಷೆಗಳೆಲ್ಲ ಪಿಡಿಎಫ್ ಕಡತಕ್ಕೆ ನಡೆಯುತ್ತಿದ್ದವು. ಮುದ್ರಿಸು ಎಂದರೆ ಯಂತ್ರ ಒಂದು ಪಿಡಿಎಫ್ ಮಾಡಿ ಇಡುತ್ತಿತ್ತು. ನಾವು ಅದನ್ನು ತೆರೆದು ನೋಡಿ ಪಾಸು ಎನ್ನುತ್ತಿದ್ದೆವು. ಇಷ್ಟು ವರ್ಷ ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಅಕ್ಕಾರು ಅರಿಶಿನ ಸುರಿದು ನೋಡಿದ್ದರು, ಮೊಣಕೈ ಊರಿ ನೋಡಿದ್ದರು. ಕಾಗದ ಹಾಕಿ ನೋಡಿರಲಿಲ್ಲ.

ಕಾರಣ ಸರಳವಾಗಿತ್ತು. ಸಾಫ್ಟ್‌ವೇರನ್ನು ಅನುವಾದದಲ್ಲಿ ಓಡಿಸಬಹುದು. ಪ್ರಿಂಟರನ್ನು ನಡೆಸುವ ಡ್ರೈವರನ್ನು ಹಾಗೆ ಓಡಿಸಲಾಗದು. ಅದು ಆರ್ಮ್‌ಗೆಂದೇ ಬರೆದದ್ದಿರಬೇಕು. ಮಾಳಪ್ಪನ ಪ್ರಿಂಟರಿಗೆ ಅಂಥ ಡ್ರೈವರ್ ಇರಲಿಲ್ಲ. ತಯಾರಕರಿಗೆ ಬರೆದಾಗ, ಸದ್ಯಕ್ಕೆ ಇಲ್ಲ ಎಂದು ಸೌಜನ್ಯದ ಉತ್ತರ ಬಂತು. ಬೆಂಗಳೂರಿನಿಂದ ಬಂದ ನಮ್ಮ ಪ್ರೋಗ್ರಾಮರೂ ಅದನ್ನೇ ಹೇಳಿದರು.

“ಡ್ರೈವರ್ ಅವ್ರೇ ಕೊಡ್ಬೇಕು ಅಕ್ಕಾರೇ, ನಮ್ ಕೈಲೇನೂ ಇಲ್ಲ.”

“ಜಗಳಕ್ಕ ಸಾಲಂಗಿಲ್ಲ ಅಂತ ನಾನ ಹೇಳಿದ್ದೆ ನೋಡ್ರಿ,” ಎಂದು ಅಕ್ಕಾರು ನನ್ನ ಕಡೆ ತಿರುಗಿದರು. “ಹೇಳಿದಾಕಿನ ಮರ್ತೆ.”

ಅಂದು ಮಧ್ಯಾಹ್ನ ಅವರು ತಾವೇ ಪಾಸು ಮಾಡಿದ್ದ ಮುದ್ರಣ ಪರೀಕ್ಷೆಯನ್ನು ಮತ್ತೆ ತೆರೆದು ಫೇಲು ಮಾಡಿದರು. ತಪ್ಪಿನ ಕಾರಣ ಎಂಬಲ್ಲಿ ಪ್ರೋಗ್ರಾಮರ ತಪ್ಪು, ವಿನ್ಯಾಸದ ತಪ್ಪು, ಗ್ರಾಹಕರ ತಪ್ಪು ಎಂದು ಆಯ್ಕೆಗಳಿದ್ದವು. ಪರೀಕ್ಷಕರ ತಪ್ಪು ಎಂಬುದು ಇರಲಿಲ್ಲ. ಅದನ್ನೂ ಸೇರಿಸಿ ಎಂದು ಕೇಳಿದರು. ಹಾಗೊಂದು ಆಯ್ಕೆ ಇದ್ದರೆ ಎಲ್ಲರೂ ಅದನ್ನೇ ಒತ್ತುತ್ತಾರೆ ಎಂದು ಉಳಿದ ಪರೀಕ್ಷಕರು ಒಪ್ಪಲಿಲ್ಲ. ಅಕ್ಕಾರು ‘ಇತರೆ’ ಎಂಬುದನ್ನು ಒತ್ತಿ ಮನೆಗೆ ಹೋದರು.

ಮ್ಯಾನೇಜರು ಒಳ್ಳೆಯ ಮನುಷ್ಯ. ನಿವೃತ್ತಿ ಹತ್ತಿರ ಬಂದಿದೆ, ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ ಎಂದರು. ಆರ್ಮ್ ಯಂತ್ರಗಳಿಗೆ ನಮ್ಮ ಬೆಂಬಲ ಸೀಮಿತ ಎಂದು ಟಿಪ್ಪಣಿಯಲ್ಲಿ ಒಂದು ಸಾಲು ಹಾಕಿಬಿಡೋಣ ಎಂದು ನನಗೂ ಹೇಳಿದರು. ಅಕ್ಕಾರು ನನ್ನ ಮೇಜಿಗೆ ಬಂದು ಆ ಸಾಲನ್ನು ಓದಿದರು.

“ಸೀಮಿತ ಅಂದ್ರ ಎಲ್ಲಿತನಕ ಅಂತ ಮಾಳಪ್ಪಗ ಹೆಂಗ ತಿಳೀಬೇಕ್ರಿ?” ಎಂದರು. ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು: “ಕಂಪನಿ ತಗೋರಿ ಅಂದಿಲ್ಲ. ನಾ ಅಂದೀನಿ. ನನ್ನ ಮಾತು ನಂಬಿ ಆ ಮನಷ್ಯಾ ಹಳೇದು ಕೊಟ್ಟು ಕುಂತಾನ. ಮಳಿ ಸುರೂ ಆದ್ರ ಲಗ್ನ ಮುಗದ್ವು.”

ಉಪಾಯ ಅವರಿಗೇ ಹೊಳೆಯಿತು. ಹೊಸ ಲ್ಯಾಪ್‌ಟಾಪು ಅಂಗಡಿಯ ಮುಂಭಾಗದಲ್ಲಿ, ಅರಿಶಿನದ ನಡುವೆ ಕುಳಿತು ಫೋಟೋ ಸಿದ್ಧಪಡಿಸುವುದು. ಸಿದ್ಧವಾದದ್ದನ್ನು ವೈಫೈ ಮೂಲಕ ಒಂದು ಫೋಲ್ಡರಿಗೆ ಹಾಕುವುದು. ಹಿಂದಿನ ಅಡುಗೆಮನೆಯಲ್ಲಿ ಹಳೆಯ ಮಾದರಿಯ ಒಂದು ಯಂತ್ರ ಆ ಫೋಲ್ಡರನ್ನು ಕಾಯುತ್ತಿದ್ದು, ಚಿತ್ರ ಬಿದ್ದ ಕೂಡಲೇ ಪ್ರಿಂಟರಿಗೆ ಕಳಿಸುವುದು. ಅಡಗಿ ಇದು ಮಾಡ್ಲಿ, ಬಡಸೂದು ಅದು ಬಡಸಲಿ ಎಂದು ವಿವರಿಸಿದರು. ಫೋಲ್ಡರ್ ಕಾಯುವ ಪುಟ್ಟ ಪ್ರೋಗ್ರಾಮನ್ನು ಬೆಂಗಳೂರಿನವರು ಊಟದ ಬಿಡುವಿನಲ್ಲಿ ಬರೆದುಕೊಟ್ಟರು. ಇನ್ನು ಬೇಕಾದದ್ದು ಹಳೆಯ ಯಂತ್ರ.

ಅದು ಕಚೇರಿಯಲ್ಲೇ ಇತ್ತು. ಗುಜರಿಗೆ ಹೋಗಬೇಕಾದ ಸಾಮಾನುಗಳ ಕೋಣೆಯಲ್ಲಿ, ಅಕ್ಕಾರು ವರ್ಷಗಟ್ಟಲೆ ಮೊಣಕೈ ಊರಿದ್ದ ಡೆಸ್ಕ್‌ಟಾಪ್ ಕೂತಿತ್ತು. ನಿವೃತ್ತರಾಗುವವರಿಗೆ ಕಂಪನಿ ಬೆಳ್ಳಿಯ ಗಣಪತಿ ಕೊಡುವುದು ರೂಢಿ. ಅಕ್ಕಾರು ಮ್ಯಾನೇಜರ ಬಳಿ ಹೋಗಿ, ಗಣಪತಿ ನಮ್ಮ ಮನೆಯಲ್ಲಿ ಬಹಳ ಇದ್ದಾನೆ, ಅದರ ಬದಲು ಆ ಡಬ್ಬಾ ಕೊಡಿ ಎಂದರು. ಮ್ಯಾನೇಜರು ತಮಾಷೆ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೊಟ್ಟರು. ಸಮಾರಂಭದಲ್ಲಿ ಅದಕ್ಕೆ ರಿಬ್ಬನ್ ಕಟ್ಟಿ ಕೊಡೋಣ ಎಂದು ಯಾರೋ ಅಂದರು. ಶುಕ್ರವಾರ ಜೇಜುರಿಗೆ ಬರುವ ದಂಪತಿಗಳಿದ್ದಾರೆ, ಶನಿವಾರ ಭಾನುವಾರ ಇನ್ನೂ ಹೆಚ್ಚು, ರಿಬ್ಬನ್ನಿಗೆ ಪುರಸೊತ್ತಿಲ್ಲ ಎಂದು ಅಕ್ಕಾರು ಗುರುವಾರ ಸಂಜೆಯೇ ಅದನ್ನು ಮನೆಗೆ ಒಯ್ದರು.

ಶುಕ್ರವಾರ ಬೆಳಿಗ್ಗೆ ನಾನು ರಜೆ ಹಾಕಿ, ಕಾರಿನಲ್ಲಿ ಕಾತ್ರಜದ ಅವರ ಮನೆಗೆ ಹೋದೆ. ಅವರ ಯಜಮಾನರೂ ಹೊರಟು ನಿಂತಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದ, ಸಣ್ಣ ದೇಹದ, ಮಾತು ಕಡಿಮೆಯ ಮನುಷ್ಯ. ಡಿಕ್ಕಿಯಲ್ಲಿಟ್ಟರೆ ಕುಲುಕುತ್ತದೆ ಎಂದು ಅಕ್ಕಾರು ಯಂತ್ರವನ್ನು ಅವರ ತೊಡೆಯ ಮೇಲೆ ಇರಿಸಿ, ಇಬ್ಬರಿಗೂ ಸೇರಿಸಿ ಸೀಟ್ ಬೆಲ್ಟ್ ಹಾಕಿದರು. ಬೋಪ್‌ದೇವ್ ಘಾಟ್ ಹತ್ತುವಾಗ ಯಜಮಾನರು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದರು.

“ಘಟ್ಟಿ ಹಿಡೀರಿ,” ಎಂದು ಅಕ್ಕಾರು ಮುಂದಿನ ಸೀಟಿನಿಂದ ಹೇಳಿದರು. “ನನಗ ಬಿಟ್ಟಂಗ ಬಿಡಬ್ಯಾಡ್ರಿ.”

ಸಾಸವಡ ದಾಟುವ ಹೊತ್ತಿಗೆ ವಿಷಯ ತಿಳಿಯಿತು. ಮದುವೆಯಾದ ಹೊಸತರಲ್ಲಿ ಇಬ್ಬರೂ ಜೇಜುರಿಗೆ ಬಂದಿದ್ದರಂತೆ. ಯಜಮಾನರು ಹೆಂಡತಿಯನ್ನು ಎತ್ತಿದರು, ಮೊದಲ ಮೆಟ್ಟಿಲು ಹತ್ತಿದರು, ಕೆಳಗಿಳಿಸಿದರು. ಅಂದಿನ ಫೋಟೋದವನು ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲೇ ಎಲ್ಲ ಮುಗಿದಿತ್ತು. ಹಾಗಾಗಿ ಅದರ ಫೋಟೋ ಇಲ್ಲ. ಚಪ್ಪಲಿ ಜಾರಿತು ಎಂಬುದು ಯಜಮಾನರ ಹೇಳಿಕೆ.

“ಅರ್ಧ ಪಾಸ್,” ಎಂದರು ಅಕ್ಕಾರು. ಅಷ್ಟು ವರ್ಷಗಳಿಂದ ಅದನ್ನು ಬದಲಾಯಿಸಿಲ್ಲ ಎಂದು ಅವರ ದನಿಯಿಂದ ತಿಳಿಯುತ್ತಿತ್ತು.

ಮಾಳಪ್ಪ ಬಾಗಿಲಲ್ಲೇ ನಿಂತಿದ್ದರು. ತಲೆಯಿಂದ ಚಪ್ಪಲಿಯವರೆಗೆ ಹಳದಿ. ಮೇಜಿನ ಮೇಲಿದ್ದ ಹೊಸ ಲ್ಯಾಪ್‌ಟಾಪೂ ಹಳದಿ. ಅದರ ಗುಣಗಳನ್ನು ಅವರು ಅಂಗಡಿಗೆ ಬಂದವರಿಗೆಲ್ಲ ವರ್ಣಿಸುತ್ತಿದ್ದರು: ಉಸಿರಾಡುವುದೇ ಇಲ್ಲ, ಆದರೂ ಬದುಕಿದೆ. ಪ್ರಿಂಟು ಬರುವುದಿಲ್ಲ ಎಂಬುದನ್ನು ಮಾತ್ರ ಅವರು ಪಕ್ಕದ ಅಂಗಡಿಯವರಿಗೆ ಹೇಳಿರಲಿಲ್ಲ. ಆ ವಾರವೆಲ್ಲ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಊರೊಳಗಿನ ಇನ್ನೊಂದು ಸ್ಟುಡಿಯೋಗೆ ಒಯ್ದು ಮುದ್ರಿಸಿ ತರುತ್ತಿದ್ದರು. ತರುವ ಹೊತ್ತಿಗೆ ಬಹಳ ಜನ ಬಸ್ ಹತ್ತಿರುತ್ತಿದ್ದರು. ಕೊಳ್ಳದೆ ಉಳಿದ ದಂಪತಿಗಳ ಫೋಟೋಗಳು ಗೋಡೆಗೆ ಒರಗಿದ್ದವು. ಅಕ್ಕಾರು ಅವುಗಳನ್ನು ಒಂದೊಂದಾಗಿ ನೋಡಿ ಅಡುಗೆಮನೆಗೆ ನಡೆದರು.

ಅಡುಗೆಮನೆಯಲ್ಲಿ ಮಾಳಪ್ಪನ ತಾಯಿ ರೊಟ್ಟಿ ಬಡಿಯುತ್ತಿದ್ದರು. ಹಳೆಯ ಯಂತ್ರವನ್ನು ಪ್ರಿಂಟರಿನ ಪಕ್ಕ ಇಟ್ಟಾಗ ಅದರ ಫ್ಯಾನಿ‌ನ ಸದ್ದು ಕೇಳಿ, ಇದು ಅರಿಶಿನವನ್ನಷ್ಟೇ ಅಲ್ಲ, ನನ್ನ ಹಿಟ್ಟನ್ನೂ ತಿನ್ನುತ್ತದೆ ಎಂದು ಆಕ್ಷೇಪಿಸಿದರು. ಆಮೇಲೆ ತಾವೇ ಎದ್ದು, ಶ್ರೀಖಂಡಕ್ಕೆ ಮೊಸರು ಸೋಸುವ ಮಲ್‌ಮಲ್ ಬಟ್ಟೆಯನ್ನು ತಂದು ಅದರ ಕಂಡಿಗಳಿಗೆ ಕಟ್ಟಿದರು. ಗಾಳಿ ಹೋಗುತ್ತಿತ್ತು, ಪುಡಿ ನಿಲ್ಲುತ್ತಿತ್ತು. ದಿನಾ ಸಂಜೆ ತೊಳೆದು ಹಾಕುವುದಾಗಿ ಒಪ್ಪಿಕೊಂಡರು.

ಮೊದಲು ಬಂದ ಜೋಡಿ ಯಾದಗಿರಿಯ ಕಡೆಯವರು. ಇಬ್ಬರೂ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಗಂಡ ಹೆಂಡತಿಯನ್ನು ಎತ್ತಿದ, ಮಾಳಪ್ಪ ಕ್ಲಿಕ್ಕಿಸಿದರು, ಜೋಡಿ ಮೇಲಕ್ಕೆ ಹೋಯಿತು. ಮಾಳಪ್ಪ ಹೂವಿನ ಅಂಚು ಹಚ್ಚಿ, ಬಣ್ಣ ತಿದ್ದಿ, ಫೋಲ್ಡರಿಗೆ ಕಳಿಸುವ ಗುಂಡಿ ಒತ್ತಲು ಬೆರಳು ಚಾಚಿದರು. ಅಕ್ಕಾರು ತಡೆದರು. ಮೊದಲು ಚಹಾ ಆಗಲಿ ಎಂದರು.

ಮಾಳಪ್ಪನಿಗೆ ಅರ್ಥವಾಗಲಿಲ್ಲ. ಅವರ ತಾಯಿ ಚಹಾ ಮಾಡಿದರು. ಎಲ್ಲರೂ ಕುಡಿದೆವು. ಮಾಳಪ್ಪ ಲೋಟ ಹಿಡಿದು ಮೆಟ್ಟಿಲಿನ ಕಡೆಯೇ ನೋಡುತ್ತಿದ್ದರು. ಮೇಲೆ ಆ ಹೆಂಡತಿಯ ಕೆಂಪು ಸೀರೆ ಇಳಿಯುವುದು ಕಾಣಿಸಿತು. ಆಗ ಅಕ್ಕಾರು ಹೂಂ ಎಂದರು. ಮಾಳಪ್ಪ ಒತ್ತಿದರು. ಅಡುಗೆಮನೆಯಿಂದ ಯಾವ ಸದ್ದೂ ಬರಲಿಲ್ಲ.

ಅದೇ ಸಮಯಕ್ಕೆ ಅಕ್ಕಾರ ಫೋನು ಹೊಡೆದುಕೊಂಡಿತು. ಕಚೇರಿಯಿಂದ ವಿಡಿಯೋ ಕರೆ. ಕೇಕಿನ ಸುತ್ತ ಎಲ್ಲರೂ ನಿಂತಿದ್ದರು. ಮ್ಯಾನೇಜರು ಎರಡು ಮಾತು ಆಡಬೇಕೆಂದು ಕೋರಿದರು. ಅಕ್ಕಾರು ತಡೆಯಿರಿ ಎಂದು ಹೇಳಿ, ಫೋನನ್ನು ಪ್ರಿಂಟರಿನ ಕಡೆ ತಿರುಗಿಸಿ ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು, ಹಳೆಯ ಯಂತ್ರದ ಮುಂದೆ ಕುಳಿತರು. ಇಡೀ ಕಚೇರಿ ಬೀಳ್ಕೊಡುಗೆಯ ಭಾಷಣಕ್ಕೆಂದು ಕೈಕಟ್ಟಿ ನಿಂತು, ಮಲ್‌ಮಲ್ ಬಟ್ಟೆ ಸುತ್ತಿದ ಒಂದು ಡಬ್ಬವನ್ನೂ ಒಂದು ಪ್ರಿಂಟರನ್ನೂ ನೋಡಿತು.

“ನಿದ್ದಿ ಮಾಡ್ಯದ,” ಎಂದರು ಯಜಮಾನರು. ಜೇಜುರಿಗೆ ಬಂದ ಮೇಲೆ ಅವರು ಆಡಿದ ಮೊದಲ ಮಾತು. “ಚಹಾ ಕುಡ್ಯೂದ್ರೊಳಗ ಮಲಕೊಂಡದ.”

ನಿಜವಿತ್ತು. ಕೆಲಸವಿಲ್ಲದೆ ಬಿಟ್ಟರೆ ಹಳೆಯ ಯಂತ್ರ ವಿದ್ಯುತ್ ಉಳಿಸಲು ತಾನಾಗಿ ನಿದ್ದೆಗೆ ಹೋಗುತ್ತಿತ್ತು. ಅಕ್ಕಾರು ಅದನ್ನು ಎಬ್ಬಿಸಿ, ಇನ್ನು ಮುಂದೆ ಮಲಗದಂತೆ ಮಾಡಿ, ಕೈ ಮಡಿಲಲ್ಲಿಟ್ಟು ಕಾದರು. ಮಾಳಪ್ಪ ಹೊರಗೆ ಆ ದಂಪತಿಯನ್ನು ಮಾತಿಗೆ ಹಿಡಿದು, ಬಾಗಲಕೋಟೆಯ ತಮ್ಮ ಅಜ್ಜನ ಕಥೆ ಶುರುಮಾಡಿದ್ದು ಕೇಳಿಸುತ್ತಿತ್ತು. ಪ್ರಿಂಟರು ಗುರುಗುಟ್ಟಿತು. ಕಾಗದ ಒಮ್ಮೆ ಹೊರಬಂದು, ಒಳಗೆ ಹೋಗಿ, ಮತ್ತೆ ಹೊರಬಂದು, ಹೀಗೆ ಬಣ್ಣ ಒಂದೊಂದಾಗಿ ಹತ್ತಿಸಿಕೊಂಡು ಕೊನೆಗೆ ಪೂರ್ತಿ ಬಂತು.

ಅಕ್ಕಾರು ಅದನ್ನು ಎತ್ತಿ ಫೋನಿಗೆ ತೋರಿಸಿ, “ಬಂತ್ರಿ,” ಎಂದರು. ಕಚೇರಿಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಅದು ಅವರ ವಿದಾಯ ಭಾಷಣ.

ಹೊರಗೆ ಆ ಹೆಣ್ಣುಮಗಳು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು.

“ಅಯ್ಯ, ಮಾರಿ ನೋಡ್ರಿ ಇವರ್ದು,” ಎಂದಳು. “ನನ್ನಲ್ಲ, ಸಿಮೆಂಟಿನ ಚೀಲಾ ಎತ್ಯಾರ.”

“ಸಿಮೆಂಟಿನ ಚೀಲಾ ಮಾತಾಡಂಗಿಲ್ಲ,” ಎಂದ ಗಂಡ. ಫೋಟೋ ಕೊಂಡರು.

ಅಂದು ನಾವು ಸಂಜೆಯವರೆಗೆ ಅಲ್ಲೇ ಇದ್ದೆವು. ಪ್ರತಿ ಜೋಡಿಗೂ ಅಕ್ಕಾರು ಅಡುಗೆಮನೆಗೆ ಹೋಗಿ ಕಾಗದ ಬರುವುದನ್ನು ಕಣ್ಣಾರೆ ಕಂಡು ಬರುತ್ತಿದ್ದರು. ಮರಳುವಾಗ ಕಾರಿನಲ್ಲಿ ಅವರು ಟಿಪ್ಪಣಿಯ ಸಾಲನ್ನು ಹೇಳಿ ಬರೆಸಿದರು. ‘ಸೀಮಿತ ಬೆಂಬಲ’ ಎಂಬುದನ್ನು ತೆಗೆದು ಹಾಕಿದ ಸಾಲು ಇದು: ಆರ್ಮ್ ಲ್ಯಾಪ್‌ಟಾಪಿನಲ್ಲಿ ಆಲ್ಬಂ ಕಟ್ಟಬಹುದು; ನಿಮ್ಮ ಪ್ರಿಂಟರಿಗೆ ಆರ್ಮ್ ಡ್ರೈವರ್ ಇಲ್ಲದಿದ್ದರೆ ಮುದ್ರಿಸಲು ಹಳೆಯ ಮಾದರಿಯ ಇನ್ನೊಂದು ಕಂಪ್ಯೂಟರ್ ಬೇಕು; ಹಳೆಯದನ್ನು ಕೊಟ್ಟುಬಿಡಬೇಡಿ. ಕೊನೆಯ ಎರಡು ಪದಗಳು ಟಿಪ್ಪಣಿಯ ಶೈಲಿಗೆ ಹೊಂದುವುದಿಲ್ಲ ಎಂದು ಮ್ಯಾನೇಜರು ಹೇಳಿದರು. ನಾನು ಶೈಲಿಯ ಜವಾಬ್ದಾರಿ ನನ್ನದು ಎಂದೆ. ಸಾಲು ಹಾಗೆಯೇ ಪ್ರಕಟವಾಯಿತು.

ಆಮೇಲೆ ಅಕ್ಕಾರನ್ನು ನಾನು ಎರಡು ಸಲ ಕಂಡೆ. ಒಮ್ಮೆ ಕಾತ್ರಜದ ಬಸ್ ನಿಲ್ದಾಣದಲ್ಲಿ, ವಿಜಯಪುರದ ಬಸ್ಸಿಗೆ ಕಾಯುತ್ತಿದ್ದರು. ಕಾಯುತ್ತ, ಟಿಕೆಟ್ ಬುಕ್ ಮಾಡುವ ಆ್ಯಪಿನಲ್ಲಿ ಸಿಕ್ಕ ತಪ್ಪುಗಳನ್ನು ಅದರ ಕಂಪನಿಗೆ ಬರೆದು ಕಳಿಸುತ್ತಿದ್ದರು. ಇನ್ನೊಮ್ಮೆ ಅವರ ಮನೆಯಲ್ಲಿ. ಯಜಮಾನರು ಹೊಸ ಮಿಕ್ಸರ್ ತಂದಿದ್ದರು. ಅದರ ಮೇಲೆ ಒಂದು ಮೊಣಕೈ ಇತ್ತು.

ಈ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಆ ಪ್ರಿಂಟರಿನ ತಯಾರಕರು ಆರ್ಮ್‌ಗೆ ಡ್ರೈವರ್ ಬಿಡುಗಡೆ ಮಾಡಿದರು. ಪ್ರಕಟಣೆಯನ್ನು ನಾನು ಅಕ್ಕಾರಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು.

“ಕಾಗದ ಹೊರಗ ಬಂತೇನ್ರಿ?”

ನಮ್ಮ ಕಚೇರಿಯಲ್ಲಿ ಇನ್ನೂ ಪ್ರಿಂಟರ್ ಇಲ್ಲ. ಹಾಗೆಂದು ಬರೆದೆ. ಮುಂದಿನ ವಾರ ಅಕ್ಕಾರು ಯಜಮಾನರ ಜೊತೆ ಬಸ್ಸಿನಲ್ಲಿ ಜೇಜುರಿಗೆ ಹೋಗಿದ್ದರು ಎಂದು ಮಾಳಪ್ಪ ಫೋನಿನಲ್ಲಿ ತಿಳಿಸಿದರು. ಡ್ರೈವರ್ ಹಾಕಿ, ಚಹಾ ಕುಡಿದು, ಲ್ಯಾಪ್‌ಟಾಪಿನಿಂದ ನೇರವಾಗಿ ಮುದ್ರಿಸಿ ನೋಡಿದರಂತೆ. ಅಡುಗೆಮನೆಯ ಹಳೆಯ ಯಂತ್ರಕ್ಕೆ ಇನ್ನು ಕೆಲಸವಿಲ್ಲದ್ದರಿಂದ ಬಟ್ಟೆ ಬಿಚ್ಚಿ, ಮನೆಗೆ ತೆಗೆದುಕೊಂಡು ಹೋದರಂತೆ. ಹಳೆಯದನ್ನು ಕೊಡಬೇಡಿ ಎಂಬ ಸಾಲನ್ನು ನಾನು ಇನ್ನೂ ತೆಗೆದಿರಲಿಲ್ಲ.

ಕಳೆದ ಸೋಮವಾರ ಕಚೇರಿಗೆ ನನ್ನ ಹೆಸರಿಗೆ ಕೊರಿಯರಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಹೂವಿನ ಅಂಚಿನ ದೊಡ್ಡ ಫೋಟೋ. ಜೇಜುರಿಯ ಮೊದಲ ಮೆಟ್ಟಿಲಿನ ಮೇಲೆ, ಅರಿಶಿನದಲ್ಲಿ ಮುಳುಗಿದ ಯಜಮಾನರು ಆ ಹಳೆಯ ಕಂಪ್ಯೂಟರನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ನಿಂತಿದ್ದಾರೆ. ಪಕ್ಕದಲ್ಲಿ ಅಕ್ಕಾರು, ಚೀಲ ಹಿಡಿದುಕೊಂಡು, ಯಂತ್ರದ ಕಡೆ ನೋಡುತ್ತಿದ್ದಾರೆ. ಹಿಂದೆ ಮಾಳಪ್ಪ ಒಂದು ಜಲಪಾತ ಸೇರಿಸಿದ್ದಾರೆ. ಫೋಟೋದ ಬೆನ್ನಿಗೆ ಪೆನ್ನಿನಲ್ಲಿ ಎರಡು ಸಾಲು:

‘ಪ್ರಿಂಟ್: ಪಾಸ್.

ನಮ್ಮನಿಯವ್ರು: ಮತ್ತ ಅರ್ಧ ಪಾಸ್.’